ಕಾರಿನ ಡಬ್ಬಿಗೆ ತುಂಬಿದ ನೀರು

ನನ್ನ ತಮ್ಮ ಕಾರು ತಂದ ದಿನ ಮೊದಲು ಮಾಡಿದ ಕೆಲಸ ಬಾನೆಟ್ ಎತ್ತಿ ನನಗೆ ಇಂಜಿನ್ ತೋರಿಸಿದ್ದು. ನಾಲ್ಕು ಸಿಲಿಂಡರು, ನಾಲ್ಕು ಪ್ಲಗ್ಗು, ಇದು ಕಾರ್ಬೊರೇಟರು, ಇದು ಪೆಟ್ರೋಲ್ ಪಂಪು, ಇದು ಫ್ಯಾನ್ ಬೆಲ್ಟು ಎಂದು ಒಂದೊಂದನ್ನೂ ಬೆರಳಿಟ್ಟು ಹೇಳಿದ. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಆದರೂ ಅವನು ಹೇಳಿದ್ದು ತಿಳಿಯಿತು. ಒಳಗೆ ಪೆಟ್ರೋಲು ಉರಿಯುತ್ತದೆ, ಉರಿದರೆ ಕಾವೇರುತ್ತದೆ, ಆ ಕಾವನ್ನು ಹೊತ್ತೊಯ್ಯಲು ಇಂಜಿನ್ನಿನ ಸುತ್ತ ನೀರು ತಿರುಗುತ್ತಿರಬೇಕು, ಬಿಸಿಯಾದ ನೀರು ಮುಂದಿನ ರೇಡಿಯೇಟರಿಗೆ ಬಂದು ಗಾಳಿಗೆ ತಣಿಯಬೇಕು. ನೀರು ನಿಂತರೆ ಇಂಜಿನ್ ಸತ್ತಂತೆ.

ಹಳೆಯ ಕಾರು ಅದು. ಅವನು ಗದಗಿನ ಒಬ್ಬ ವ್ಯಾಪಾರಿಯ ಹತ್ತಿರ ಡ್ರೈವರನಾಗಿ ವರ್ಷಗಟ್ಟಲೆ ದುಡಿದು, ಅವರು ಹೊಸದು ಕೊಂಡಾಗ ಅದನ್ನು ತನ್ನದಾಗಿ ಮಾಡಿಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಅದರ ರೋಗಗಳೆಲ್ಲ ಅವನಿಗೆ ಬಾಯಿಪಾಠ. ಬೇಸಿಗೆಯ ಮಧ್ಯಾಹ್ನ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಅದಕ್ಕೆ ಪಂಪಿನ ಮೇಲೆ ಹಸಿ ಬಟ್ಟೆ ಹಾಕುತ್ತಿದ್ದ. ಮಳೆಗಾಲದಲ್ಲಿ ಪ್ಲಗ್ಗುಗಳಿಗೆ ಮಸಿ ಹಿಡಿದರೆ ಬಿಚ್ಚಿ ಉಜ್ಜುತ್ತಿದ್ದ. ಆದರೆ ಅವನು ಎಲ್ಲಕ್ಕಿಂತ ಹೆದರುತ್ತಿದ್ದದ್ದು ಕಾವಿಗೆ. ಹಳೆಯ ಇಂಜಿನ್ ದಿನಾ ಒಂದಿಷ್ಟು ನೀರು ಕುಡಿಯುತ್ತಿತ್ತು. ದಿನಾ ಬೆಳಿಗ್ಗೆ ಒಂದು ತಗಡಿನ ಡಬ್ಬಿ ತುಂಬ ನೀರು ಬೇಕು, ಅದೂ ಸಿಹಿ ನೀರು. ಹೀಗೆಂದು ಹೇಳಿಕೊಟ್ಟವರು ಅವನ ಗುರು, ಬೆಟಗೇರಿಯ ಮಿಸ್ತ್ರಿ ಕಾಕಾ. ಸ್ವಂತ ಕಾಕಾ ಅಲ್ಲ. ಸಣ್ಣವನಿದ್ದಾಗಿನಿಂದ ಅವರ ಗ್ಯಾರೇಜಿನಲ್ಲೇ ಬೆಳೆದು, ಹಾಗೆ ಕರೆಯುತ್ತಿದ್ದ.

ಗಂಡ ತೀರಿಕೊಂಡ ಮೇಲೆ ನಾನು ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಟಗೇರಿಯ ತವರುಮನೆಗೆ ಬಂದಿದ್ದೆ. ತಮ್ಮನಿಗಿನ್ನೂ ಮದುವೆಯಾಗಿರಲಿಲ್ಲ. ಅಡಿಗೆ, ನೀರು ನನ್ನ ಪಾಲಿನವು. ಡಬ್ಬಿ ತುಂಬಿ ಕಾರಿನಲ್ಲಿಡುವುದೂ ನನ್ನ ಪಾಲಿಗೇ ಬಂತು.

ನಮ್ಮೂರಿನ ನೀರು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾವಿಯ ನೀರು ಸವಳು, ಉಪ್ಪುಪ್ಪು. ಮೈಗೆ, ಬಟ್ಟೆಗೆ, ಪಾತ್ರೆಗೆ ಅದು. ಕುಡಿಯಲು, ಬೇಳೆ ಬೇಯಿಸಲು ನಳದ ಸಿಹಿ ನೀರು. ನಳ ಬರುವುದು ಯಾವಾಗಲೋ ಒಮ್ಮೆ. ಬಂದ ದಿನ ಓಣಿಯ ಹೆಂಗಸರೆಲ್ಲ ಕೊಡಗಳನ್ನು ಸಾಲಾಗಿಟ್ಟು ಕಾಯುತ್ತಿದ್ದೆವು. ನನ್ನ ಸಾಲಿನಲ್ಲಿ ಕೊಡಗಳ ಜೊತೆ ಒಂದು ತಗಡಿನ ಡಬ್ಬಿಯೂ ಇರುತ್ತಿತ್ತು. ಅದನ್ನು ಕಂಡು ಪಕ್ಕದ ಮನೆಯಾಕೆ ಒಮ್ಮೆ ಎಲ್ಲರೆದುರಿಗೆ ಕೇಳಿದಳು:

"ಏನಬೇ, ನಿನ್ನ ತಮ್ಮನ ಕಾರು ಬಸರಿ ಐತೇನ? ಸಿಹಿ ನೀರನ ಬೇಕಂತೈತಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಒಳಗೆ ಕೊರೆಯತೊಡಗಿತು. ಆ ಬೇಸಿಗೆಯಲ್ಲಿ ನಳ ಇನ್ನಷ್ಟು ಕೈಕೊಟ್ಟಿತ್ತು. ಮಕ್ಕಳಿಗೆ ಅಳೆದು ನೀರು ಕೊಡುತ್ತಿದ್ದೆ. ಸಣ್ಣವಳು ರಾತ್ರಿ ಇನ್ನೊಂದು ಲೋಟ ಕೇಳಿದರೆ, ಮಲಗು ಎಂದು ಗದರಿಸುತ್ತಿದ್ದೆ. ಅಂಥಾದ್ದರಲ್ಲಿ ಒಂದು ಕಬ್ಬಿಣದ ಗಾಡಿ ದಿನಾ ಒಂದು ಡಬ್ಬಿ ಸಿಹಿ ನೀರು ಕುಡಿಯಬೇಕೆ? ಒಂದು ದಿನ ಡಬ್ಬಿಗೆ ಬಾವಿಯ ನೀರು ತುಂಬಿ ಕಾರಿನಲ್ಲಿಟ್ಟೆ. ಸಂಜೆ ಕಾರು ಚೆನ್ನಾಗಿಯೇ ಮನೆಗೆ ಬಂತು. ಮರುದಿನವೂ ಅದನ್ನೇ ತುಂಬಿದೆ. ಆಮೇಲೆ ಅದೇ ರೂಢಿಯಾಯಿತು. ಮಳೆಗಾಲ ಬಂದು ನಳ ಸರಿಹೋದರೂ ನಾನು ಬದಲಿಸಲಿಲ್ಲ. ಡಬ್ಬಿಯನ್ನು ಮಾತ್ರ ತಪ್ಪದೆ ನಳದ ಸಾಲಿನಲ್ಲಿಡುತ್ತಿದ್ದೆ, ತಮ್ಮ ನೋಡಲಿ ಎಂದು. ತುಂಬಿದ್ದನ್ನು ಅಡಿಗೆಮನೆಯ ಕುಡಿಯುವ ನೀರಿನ ಹರವಿಗೆ ಸುರಿದು, ಹಿತ್ತಲ ಬಾವಿಯಿಂದ ಮತ್ತೆ ತುಂಬುತ್ತಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಲಕ್ಷ್ಮೇಶ್ವರಕ್ಕೆ ಒಂದು ಬಾಡಿಗೆ ಬಂತು. ವಯಸ್ಸಾದ ಗಂಡ ಹೆಂಡತಿ, ಮಗಳ ಮನೆಗೆ ಹೊರಟವರು. ಶಿರಹಟ್ಟಿಯ ಮೇಲೆ ಹಾದು ಹೋಗುವುದು. ಲಕ್ಷ್ಮೇಶ್ವರದಲ್ಲಿ ನನ್ನ ನಾದಿನಿಯಿದ್ದಳು. ಆ ಗಂಡ ಹೆಂಡತಿಯನ್ನು ಕೇಳಿಕೊಂಡು ನಾನೂ ಮುಂದಿನ ಸೀಟಿನಲ್ಲಿ ಕುಳಿತೆ.

ಶಿರಹಟ್ಟಿ ದಾಟುವವರೆಗೆ ತಮ್ಮ ಮಾತಾಡುತ್ತಿದ್ದ. ಆಮೇಲೆ ಅವನ ಕಣ್ಣು ಮತ್ತೆ ಮತ್ತೆ ಎದುರಿನ ಮುಳ್ಳಿನ ಕಡೆ ಹೋಗುವುದನ್ನು ಕಂಡೆ. ಇಂಜಿನ್ನಿನ ಕಾವು ತೋರಿಸುವ ಮುಳ್ಳು ಅದು. ನಡುವೆ ಇರಬೇಕಾದದ್ದು ಮೇಲಕ್ಕೆ ಸರಿದಿತ್ತು. ಇಳಿಜಾರು ಬಂದಾಗ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಿಸಿದ. ಮುಳ್ಳು ಕೂದಲೆಳೆಯಷ್ಟು ಇಳಿಯಿತು. ಏರು ಬಂದಾಗ ಮತ್ತೆ ಏರಿತು. ನಾನು ಕಾಲ ಬಳಿಯಿದ್ದ ಡಬ್ಬಿಯನ್ನು ಕಾಲಿನಿಂದಲೇ ಹಿಂದಕ್ಕೆ ಒತ್ತುತ್ತಾ ಕುಳಿತಿದ್ದೆ. ಅದನ್ನು ಎಲ್ಲಿಗೆ ಒತ್ತಲಿಕ್ಕಾಗುತ್ತದೆ?

ಏರು ಮುಗಿಯುವ ಮೊದಲೇ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ತಮ್ಮ ಗಾಡಿಯನ್ನು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಇಳಿದ. ಒಳಗೆ ಏನೋ ಕುದಿಯುವ ಸದ್ದು. ಯಾರೂ ಹತ್ತಿರ ಬರಬೇಡಿ ಎಂದು ಎಲ್ಲರನ್ನೂ ದೂರ ಸರಿಸಿ, ತಾನು ತುದಿಗಾಲಲ್ಲಿ ಕುಳಿತು ಅದು ತಣಿಯುವುದನ್ನೇ ಕಾದ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಕಾಯುತ್ತಿರುವಾಗ ಆ ಮುದುಕಿ ನೀರು ಕೇಳಿದರು. ತಮ್ಮನ ಬಾಟ್ಲಿ ಖಾಲಿಯಾಗಿತ್ತು. ಅವನು ಡಬ್ಬಿ ಎತ್ತಿಕೊಂಡ.

"ಇದರಾಗ ಸಿಹಿ ನೀರ ಐತ್ರಿ, ಅಮ್ಮಾ. ಕುಡೀರಿ. ನಮ್ಮಕ್ಕನ ತುಂಬ್ಯಾಳ."

ಮುದುಕಿ ಬೊಗಸೆ ಒಡ್ಡಿದರು. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಬ್ಯಾಡ್ರಿ, ಅದರಾಗ ಎಣ್ಣಿ ವಾಸನಿ ಹೊಡಿತೈತಿ. ಹೊಟ್ಟಿ ತೊಳಸತೈತಿ."

ತಮ್ಮ ನನ್ನ ಕಡೆ ನೋಡಿದ. ಹಿಂದಿನ ದಿನವಷ್ಟೇ ನಾನು ಡಬ್ಬಿಯನ್ನು ಬೂದಿ ಹಾಕಿ ಉಜ್ಜಿದ್ದನ್ನು ಅವನು ಕಂಡಿದ್ದ. ಡಬ್ಬಿಯನ್ನು ಕೆಳಗಿಟ್ಟ. ಮುದುಕಿ ಬೊಗಸೆ ಮಡಚಿಕೊಂಡು, ಬಸ್ಸು ಬಂದರೆ ಹೋಗಿಬಿಡೋಣ ಎಂದು ಗಂಡನಿಗೆ ಹೇಳಿದರು. ಸ್ವಲ್ಪ ಹೊತ್ತಿಗೆ ಬಸ್ಸೂ ಬಂತು. ಅವರು ಹತ್ತಿ ಹೋದರು.

ತಮ್ಮ ಮುಚ್ಚಳ ತೆಗೆದು ಡಬ್ಬಿಯ ನೀರು ಹಾಕಿ ಗಾಡಿ ಚಾಲು ಮಾಡಿದ. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದ. ಕರಿಯ ಎಣ್ಣೆ ಇರಬೇಕಾದಲ್ಲಿ ಹಾಲು ಹಾಕಿದ ಚಹಾದಂಥದ್ದು ಅಂಟಿಕೊಂಡಿತ್ತು. ಎಣ್ಣೆಯೊಳಗೆ ನೀರು ಸೇರಿತ್ತು. ಇಂಜಿನ್ನಿನ ಮೈಗೂ ಮೇಲಿನ ಹೆಡ್ಡಿಗೂ ನಡುವೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ. ಆಮೇಲೆ ದಾರಿಯುದ್ದಕ್ಕೂ, ಒಂದು ಲಾರಿಯ ಹಿಂದೆ ಹಗ್ಗ ಕಟ್ಟಿಕೊಂಡು ಬೆಟಗೇರಿ ಮುಟ್ಟುವವರೆಗೂ, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವನಿಗೆ ಗೊತ್ತಾಗಿದೆ ಎಂದುಕೊಂಡು ನಾನು ಖಾಲಿ ಡಬ್ಬಿಯನ್ನು ಸೀಟಿನ ಕೆಳಗೆ ನೂಕಿದೆ. ಅವನ ತಲೆಯಲ್ಲಿದ್ದದ್ದು ಬೇರೆ. ಆ ಗ್ಯಾಸ್ಕೆಟ್ಟನ್ನು ಆ ಚಳಿಗಾಲದಲ್ಲಷ್ಟೇ ಹೊಸದು ಹಾಕಿದ್ದವರು ಮಿಸ್ತ್ರಿ ಕಾಕಾ.

ಮರುದಿನ ಕಾಕಾ ಹೆಡ್ ಬಿಚ್ಚುವಾಗ ನಾನು ತಮ್ಮನ ಊಟದ ಬುತ್ತಿ ಹಿಡಿದು ಅವರ ಗ್ಯಾರೇಜಿಗೆ ಹೋಗಿದ್ದೆ. ಬುತ್ತಿ ನೆಪ. ಮನೆಯಲ್ಲಿ ಕೂರಲಾಗಲಿಲ್ಲ. ಕಾಕಾ ನೀರು ಹರಿಯುವ ತೂತುಗಳೊಳಗೆ ಒಂದು ತಂತಿ ಆಡಿಸಿ, ಹೊರಬಿದ್ದದ್ದನ್ನು ಅಂಗೈಯಲ್ಲಿ ಹಿಡಿದರು. ಸುಣ್ಣದಂಥ ಬಿಳಿ ಹಕ್ಕಳೆ. ನೋಡಿದ ಕೂಡಲೇ ಗುರುತು ಹತ್ತಿತು. ಬಚ್ಚಲ ಹಂಡೆಯ ಒಳಗಿನಿಂದ ಇಟ್ಟಿಗೆ ಚೂರು ಹಿಡಿದು ನಾನೇ ಎಷ್ಟು ಸಲ ಕೆರೆದು ತೆಗೆದಿದ್ದೆನೋ. ಬಾವಿಯ ನೀರು ಕಾಯಿಸಿದಲ್ಲೆಲ್ಲ ಅದು ಕೂರುತ್ತದೆ. ಹಂಡೆ ಕೆರೆಯುವ ಕೈಗೆ, ಕಾರಿನೊಳಗೆ ಕಾಯುವ ನೀರೂ ಹಾಗೇ ಹಕ್ಕಳೆ ಕಟ್ಟುತ್ತದೆ ಎಂಬುದು ಹೊಳೆದಿರಲಿಲ್ಲ.

"ಗ್ಯಾಸ್ಕೆಟ್ ತಾನಾಗೇ ಸುಟ್ಟಿಲ್ಲೋ ತಮ್ಮಾ," ಎಂದರು ಕಾಕಾ. "ನೀರಿನ ಹಾದಿ ಕಟ್ಟೇತಿ. ಇದಕ್ಕ ಸವಳ ನೀರ ಕುಡಿಸೀರಿ."

"ನೀರ ನಮ್ಮಕ್ಕ ತುಂಬತಾಳ, ಕಾಕಾ. ಅಕಿ ಸುಳ್ಳ ಹೇಳತಾಳ ಅಂತೀರೇನ?"

"ನಾ ಹಂಗಂದಿಲ್ಲ. ಅಕಿ ಇಲ್ಲೇ ಅದಾಳ, ಕೇಳು."

ಇಬ್ಬರೂ ನನ್ನ ಕಡೆ ತಿರುಗಿದರು. ತಮ್ಮನ ಮುಖದಲ್ಲಿ ಸಂಶಯದ ನೆರಳೂ ಇರಲಿಲ್ಲ. ಅದು ಇದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವನು ನನ್ನನ್ನು ನಂಬಿ ನಿಂತಿದ್ದ. ನನಗೆ ಇಬ್ಬರು ಮಕ್ಕಳು, ಆ ಮನೆ ಬಿಟ್ಟರೆ ಬೇರೆ ಸೂರಿಲ್ಲ.

"ಸಿಹಿ ನೀರನ ಹಾಕೀನಿ," ಎಂದೆ.

ಕಾಕಾ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ತಮ್ಮ, ಹಳೆಯ ಗ್ಯಾಸ್ಕೆಟ್ ಹಾಕಿ ಹೊಸದೆಂದು ಹೇಳಿದ್ದೀರಿ, ಈಗ ತಪ್ಪನ್ನು ಮನೆಯ ಹೆಣ್ಣುಮಗಳ ಮೇಲೆ ಹಾಕುತ್ತೀರಿ ಎಂದ. ಕಾಕಾ ಬಿಚ್ಚಿದ ಸಾಮಾನುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಕೊಟ್ಟರು. ಕಾರು ಹಗ್ಗದಲ್ಲೇ ಸ್ಟೇಶನ್ ಕಡೆಯ ಇನ್ನೊಂದು ಗ್ಯಾರೇಜಿಗೆ ಹೋಯಿತು.

ಅವತ್ತಿನಿಂದ ನಾನು ಡಬ್ಬಿಗೆ ಸಿಹಿ ನೀರನ್ನೇ ತುಂಬಿದೆ. ಮಾಡಿದ್ದರಲ್ಲಿ ಕೆಟ್ಟದ್ದು ಇದೇ ಆಯಿತು. ಹೊಸ ಗ್ಯಾರೇಜಿನವರು ರೇಡಿಯೇಟರ್ ತೊಳೆದು ಕೊಟ್ಟಿದ್ದರು, ನೀರೂ ಬದಲಾಗಿತ್ತು. ಕಾರು ಮತ್ತೆ ಕಾವೇರಲಿಲ್ಲ. ತಮ್ಮ ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿದ: ನೋಡ್ರಿ, ಗ್ಯಾರೇಜ್ ಬದಲಿಸಿದೆ, ರೋಗ ಹೋಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಡ್ರೈವರುಗಳಿಗೆ ಏನು ಬೇಕು? ಒಬ್ಬೊಬ್ಬರಾಗಿ ಅವರೂ ಕಾಕಾನ ಗ್ಯಾರೇಜ್ ಬಿಟ್ಟರು. ಒಂದು ದಿನ ಅದರ ಬಾಗಿಲಿಗೆ ಬೀಗ ಬಿತ್ತು. ಕಾಕಾ ಹೆಂಡತಿಯ ತವರಾದ ಮುಂಡರಗಿಗೆ ಹೋದರಂತೆ ಎಂದು ತಮ್ಮ ಊಟದ ಹೊತ್ತಿಗೆ ಹೇಳಿದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನಾನು ಇನ್ನೊಂದು ರೊಟ್ಟಿ ಹಾಕಿದೆ.

ಈಗ ತಮ್ಮನ ಮಗ ಟರ್ಬೊ ಇರುವ ಪೆಟ್ರೋಲ್ ಕಾರು ಓಡಿಸುತ್ತಾನೆ. ಹೊಗೆಯ ರಭಸಕ್ಕೇ ಒಂದು ಸಣ್ಣ ಚಕ್ರ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದಂತೆ, ಸಣ್ಣ ಇಂಜಿನ್ ದೊಡ್ಡದರ ಕೆಲಸ ಮಾಡುತ್ತದಂತೆ. ಕೆಲಸ ಹೆಚ್ಚಿದಷ್ಟು ಕಾವೂ ಹೆಚ್ಚು. ದೂರ ಓಡಿಸಿ ಬಂದ ಕೂಡಲೇ ಬಂದ್ ಮಾಡಬಾರದು, ಒಳಗಿನ ಎಣ್ಣೆ ಸುಟ್ಟು ಕರಿಯಾಗುತ್ತದೆ ಎಂದು ಹೇಳಿದ. ನೀರೇನು ಹಾಕುತ್ತೀ ಎಂದು ಕೇಳಿದೆ. ನೀರಲ್ಲ ಅತ್ತೀ, ಕೂಲಂಟ್, ಬಾಟ್ಲಿಯಲ್ಲಿ ಬಣ್ಣದ್ದು ಬರುತ್ತದೆ ಎಂದ. ಹಾಗಾದರೆ ಮನೆಯ ಹೆಂಗಸರನ್ನು ಅದಕ್ಕಾಗಿ ನಂಬಬೇಕಾಗಿಲ್ಲ ಎಂದುಕೊಂಡೆ.

ಕಾಕಾ ಊರು ಬಿಟ್ಟು ಎರಡೋ ಮೂರೋ ವರ್ಷ ಕಳೆದ ಮೇಲೆ ಒಂದು ಸೀಮಂತಕ್ಕೆಂದು ನಾನು ಮುಂಡರಗಿಗೆ ಹೋದೆ. ಬಸ್ ನಿಲ್ದಾಣದಿಂದ ನಡೆಯುವಾಗ ಒಂದು ತಗಡಿನ ಚಪ್ಪರದ ಕೆಳಗೆ ಕಾಕಾ ಸೈಕಲ್ಲಿನ ಟ್ಯೂಬನ್ನು ನೀರಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು. ಇಂಜಿನ್ ಬಿಚ್ಚುತ್ತಿದ್ದ ಕೈ ಅದು. ಮುಂದೆ ದಾಟಿ ಹೋದೆ. ಮೂಲೆಯವರೆಗೆ ಹೋಗಿ, ಕಾಲು ಮುಂದೆ ಬರದೆ, ತಿರುಗಿ ಬಂದೆ. ಅವರು ಗುರುತು ಹಿಡಿದು, ಸ್ಟೂಲು ಎಳೆದು, ಕುಂಡ್ರವಾ ಎಂದರು. ಕುಳಿತುಕೊಳ್ಳದೆ, ನಿಂತೇ ಎಲ್ಲ ಹೇಳಿದೆ.

ಅವರ ಕೈ ಟ್ಯೂಬನ್ನು ಬಿಡಲಿಲ್ಲ.

"ನನಗ ಅವತ್ತ ಗೊತ್ತಾತು, ನಿನ್ನ ಮಾರಿ ನೋಡೇ," ಎಂದರು. "ಖರೆ ಹೇಳು, ತಮ್ಮಗ ಹೇಳೀಯೇನು?"

"ಇಲ್ಲರಿ."

"ಮತ್ತ ನನ್ನ ಮುಂದ ಹೇಳಿ ಏನ ಮಾಡತಿ? ಅಂವಗ ಹೇಳು ಹೋಗು. ನನ್ನ ಕಳ್ಳ ಅಂದಾಂವ ಅಂವ."

ಸೀಮಂತದಲ್ಲಿ ಏನು ಉಂಡೆನೋ ನೆನಪಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಮನೆಯ ಮುಂದೆ ಕಾರು ಒರೆಸುತ್ತಿದ್ದ. ಡಬ್ಬಿ ಹಿಡಿದುಕೊಂಡೇ ಹೋದೆ. ಇಲ್ಲವಾದರೆ ಮತ್ತೆ ಹಿಂದೆ ಸರಿಯುತ್ತೇನೆಂಬ ಭಯವಿತ್ತು. ಇದರಲ್ಲಿ ಒಂದು ವರ್ಷ ಬಾವಿಯ ನೀರು ತುಂಬಿದ್ದೆ ಎಂದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಯಾವ ವರ್ಷ ಎಂದು ಕೇಳಿದ. ಹೇಳಿದೆ. ಒರೆಸುತ್ತಿದ್ದ ಬಟ್ಟೆಯನ್ನು ಹಿಂಡಿ ಬಾಗಿಲಿನ ಮೇಲೆ ಹರವಿದ. ನಾನು ಅವನು ಬಯ್ಯಲೆಂದು ಕಾದೆ. ಬಯ್ಯಲಿಲ್ಲ.

"ಆ ಮುದುಕಿಗೆ ಎಣ್ಣಿ ವಾಸನಿ ಅಂದ್ಯಲ್ಲ, ಅದೂ ಇದಕ್ಕೇನು?" ಎಂದಷ್ಟೇ ಕೇಳಿದ.

ಹೌದೆಂದೆ. ಅವತ್ತಿನ ಬಾಡಿಗೆಗೆ ಬೇರೆಯವರನ್ನು ಕಳಿಸಿ, ಖಾಲಿ ಕಾರು ತೆಗೆದುಕೊಂಡು ಮುಂಡರಗಿ ದಾರಿ ಹಿಡಿದ. ಸಂಜೆ ಬಂದ. ಅಲ್ಲಿ ಏನು ಮಾತಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಮೇಲೆ ಕಾರಿನ ಸಣ್ಣ ಕೆಲಸವಿದ್ದರೂ ಅವನು ಮುಂಡರಗಿಯವರೆಗೆ ಓಡಿಸಿಕೊಂಡು ಹೋಗುತ್ತಿದ್ದ. ಸ್ಟ್ಯಾಂಡಿನಲ್ಲಿ ತಪ್ಪು ತನ್ನದೆಂದು ಹೇಳಿದನಂತೆ. ನನ್ನ ಮಾತೇ ತೆಗೆಯಲಿಲ್ಲವಂತೆ. ಮನೆಯಲ್ಲಿ ನನ್ನನ್ನಾಗಲಿ ಮಕ್ಕಳನ್ನಾಗಲಿ ಒಂದು ದಿನವೂ ಎತ್ತಿ ಆಡಲಿಲ್ಲ.

ಮುಂದಿನ ಸಲ ನಳ ಬಂದಾಗ ನಾನು ಕೊಡಗಳನ್ನು ಸಾಲಾಗಿಟ್ಟು ನಿಂತಿದ್ದೆ. ಡಬ್ಬಿ ಮನೆಯಲ್ಲಿ ಸಿಕ್ಕಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುವುದು ಕೇಳಿ ತಿರುಗಿದೆ. ತಮ್ಮ ಸಾಲಿನ ಕೊನೆಯಲ್ಲಿ, ಡಬ್ಬಿ ಕಾಲ ಬಳಿ ಇಟ್ಟುಕೊಂಡು ನಿಂತಿದ್ದ. ಡ್ರೈವರನ ಅಂಗಿ ಹಾಕಿದ ಗಂಡಸು, ಅಷ್ಟು ಹೆಂಗಸರ ನಡುವೆ. ನನ್ನ ಪಾಳಿ ಬಂದಿತ್ತು. ಬಾರೋ, ನನ್ನ ಕೊಡದ್ದನ್ನೇ ಹಾಕಿಕೋ ಎಂದು ಕರೆದೆ. ಬೇಡ ಎಂಬಂತೆ ಕೈ ಆಡಿಸಿ, ಅವನು ತನ್ನ ಪಾಳಿಗೆ ನಿಂತೇ ಇದ್ದ.