ತಿರುವಿಗೆ ಹಾಕಿದ ಸೊಪ್ಪು

ಸ್ನೇಹಿತರೇ, ಇವತ್ತು ಕೊಟ್ಟಿಗೆಹಾರದ ನಮ್ಮ ಅಂಗಡಿ ಮುಂದಿನ ತಿರುವಿಗೆ ನಾನೇ ಸೊಪ್ಪು ಕಡಿದು ಹಾಕಿದೆ. ಘಾಟಿ ರಸ್ತೆಯಲ್ಲಿ ಸೊಪ್ಪು ಕಂಡರೆ ಮುಂದೆ ಮರ ಬಿದ್ದಿದೆ, ಇಲ್ಲವೇ ಲಾರಿ ಕೆಟ್ಟು ನಿಂತಿದೆ ಎಂದು ಎಲ್ಲರೂ ಬ್ರೇಕ್ ಹಾಕುತ್ತಾರೆ. ಹಂಪ್ ಹಾಕಿಸಿ ಎಂದು ಕೇಳಿ ಕೇಳಿ ಸಾಕಾಗಿತ್ತು. ನಿನ್ನೆಯಂತೂ ತೋಟದ ಕೆಲಸ ಮುಗಿಸಿ ಬರುತ್ತಿದ್ದ ಗಿರಿಜಕ್ಕನ ಸೆರಗು ಸವರಿಕೊಂಡೇ ಒಂದು ಕಾರು ಹೋಯಿತು.

ಇವತ್ತು ಸಂಜೆ ಗಿರಿಜಕ್ಕ ರಸ್ತೆ ದಾಟುವಾಗ ಮಂಗಳೂರು ಕಡೆಯ ಕಾರೊಂದು ನಿಂತಿತು.

"ಎಂತ ಮಾರಾಯ್ರೆ, ಮರ ಎಲ್ಲಿ ಬಿದ್ದದ್ದು?"

"ಎಲ್ಲೂ ಬಿದ್ದಿಲ್ಲ. ನೀವು ನಿಧಾನ ಬರ್ಲಿ ಅಂತ ಹಾಕಿದ್ದು."

"ಹಾಗೆ ಸುಳ್ಳು ಹೇಳುದಾ ನೀವು?"

'ನಿಧಾನವಾಗಿ ಚಲಿಸಿ' ಎಂಬ ಬೋರ್ಡು ತೋರಿಸಿದೆ. "ನಿಜ ಅಲ್ಲಿ ಬರ್ದಿತ್ತಲ್ಲ, ನೀವು ಓದ್ಲಿಲ್ಲ."

ಸೊಪ್ಪು ಆಗಲೇ ಬಾಡಿದೆ. ನಾಳೆ ಹೊಸದು ಕಡಿಯುತ್ತೇನೆ.