ಕೆಂಪು ಬಳಿದ ಬೋರಿನ ನೀರು

ಇದನ್ನು ಹೇಳದೆ ವರ್ಷಗಟ್ಟಲೆ ಮುಂದೂಡಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗಬ್ಬೂರಿನ ನಮ್ಮ ಓಣಿಯ ಬೋರಿನ ನೀರಿನಲ್ಲಿ ವಿಷವಿದೆ ಎಂದು ಸರ್ಕಾರದವರು ಬೋರಿನ ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಕುಡಿಯಬೇಡಿ ಎಂದರೇ ಹೊರತು ಬೇರೆ ನೀರು ಕೊಡಲಿಲ್ಲ. ಆ ಸಿಟ್ಟಿಗೆ ನಾನು ಗಡಿಗೆಯ ತಳಕ್ಕೆ ತೂತು ಕೊರೆದು, ಹರಳುಕಲ್ಲು, ಇದ್ದಿಲು, ತೊಳೆದ ಮರಳು ತುಂಬಿ ಬೋರಿನ ನೀರು ಸುರಿದೆ. ಕೆಳಗೆ ಕನ್ನಡಿಯಂಥ ನೀರು ಇಳಿಯಿತು.

ಮನೆಯ ಕಿರಿಯ ಸೊಸೆ ಮಾತ್ರ ಅದನ್ನು ಕುಡಿಯಲಿಲ್ಲ. ಗಂಡನ ಅಣ್ಣನಾದ ನನ್ನೊಡನೆ ಅವಳು ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅವಳು ನನ್ನ ಹೆಂಡತಿಗೆ ಹೇಳಿದಳು: "ಅಕ್ಕಾ, ಮಳಲಿಗೆ ರಾಡಿ ನಿಲ್ತದ, ವಿಷ ನಿಲ್ಲಂಗಿಲ್ರಿ. ಕಾಲುವಿ ನೀರು ತರ್ತೀನಿ, ಇದ್ರಾಗ ಸೋಸಿ ಕಾಸೂಣು."

ನಾನು ಗೋಡೆಯ ಕಡೆ ತಿರುಗಿ ಅರಚಿದೆ: "ದೊಡ್ಡ ಡಾಕ್ಟರ್ ಬಂದಾಳ! ಈ ನೀರು ಕುಡೀಲಿಲ್ಲಂದ್ರ ಈ ಮನ್ಯಾಗ ರೊಟ್ಟಿನೂ ಇಲ್ಲಂತ ಹೇಳು."

ಅವಳು ಕುಡಿದಳು. ವರ್ಷಗಳ ಮೇಲೆ ಅವಳ ಅಂಗೈ ಗಂಟುಗಟ್ಟಿ ಒಡೆಯಿತು. ರಾಯಚೂರಿನ ಡಾಕ್ಟರು ನೀರಿನದೇ ವಿಷ ಎಂದರು. ಈಗ ಅವಳು ರೊಟ್ಟಿ ತಟ್ಟಲಾರಳು.

ಬೈಯುವಾಗ ಅಡ್ಡ ಬಾರದ ರೂಢಿ, ತಪ್ಪಾಯಿತು ಎನ್ನುವಾಗ ಮಾತ್ರ ಅಡ್ಡ ಬಂತು. ಆ ಮಾತನ್ನು ನಾನು ಹೇಳಬೇಕಾದದ್ದು ಗೋಡೆಗಲ್ಲ, ನನ್ನ ತಮ್ಮನ ಹೆಂಡತಿಗೆ.