ಕಲ್ಲುಹೂವಿನ ಮೇಲಿನ ಕರಿ ಚುಕ್ಕಿ

ಆ ಶಿಲೀಂಧ್ರವನ್ನು ಕಂಡುಹಿಡಿದವಳು ನಾನಲ್ಲ, ಶೋಭಾ — ನೀನು. ಹನ್ನೆರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಂಡದ್ದೂ ಇಲ್ಲ.

ಬೆಂಗಳೂರಿನಲ್ಲಿ ನಮ್ಮ ಸರ್ ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ನೀನು ನನಗಿಂತ ಎರಡು ವರ್ಷ ಕಿರಿಯಳು. ಲಡಾಖಿನ ಬಂಡೆಗಳಿಂದ ತಂದ ಕಲ್ಲುಹೂವುಗಳನ್ನು ಇಬ್ಬರೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆವು.

"ಅಕ್ಕಾ, ಇಲ್ಲಿ ನೋಡ್ರಿ, ಕರಿ ಚುಕ್ಕಿ ಅದಾವು. ಕಲ್ಲುಹೂವಿನ ಮ್ಯಾಲೆ ಬ್ಯಾರೆ ಬೂಷ್ಟು ಬೆಳದೈತೇನ್ರಿ?" ಎಂದು ನೀನು ಕೇಳಿದೆ.

ನಾನು ಇಣುಕಿ, "ಧೂಳು ಕಣೇ ಅದು" ಎಂದೆ. ಆಗ ಹಾಗೆಯೇ ನಂಬಿದ್ದೆ — ಅಷ್ಟರಮಟ್ಟಿಗೆ ಅದು ಸುಳ್ಳಲ್ಲ.

ಸುಳ್ಳು ಶುರುವಾದದ್ದು ತಾಯಿಗೆ ಹುಷಾರಿಲ್ಲವೆಂದು ನೀನು ಧಾರವಾಡಕ್ಕೆ ಹೋದ ಮೇಲೆ. ನಾನು ಆ ಕಲ್ಲುಹೂವಿನ ಚೂರನ್ನು ಕತ್ತರಿಸಿ ನೋಡಿದೆ. ಚುಕ್ಕಿಯೊಳಗೆ ಬೀಜಕಗಳಿದ್ದವು — ಯಾವ ಪುಸ್ತಕದಲ್ಲೂ ಇಲ್ಲದಂಥವು. ಚಳಿಸೀಮೆಯ ಕಲ್ಲುಹೂವಿನ ಮೇಲೆ ಬದುಕುವ ಹೊಸ ಜಾತಿ. ಲೇಖನ ಬರೆದು ನನ್ನೊಬ್ಬಳ ಹೆಸರು ಹಾಕಿದೆ. ಈಗ ಕೊಲ್ಲಿ ನಾಡಿನ ಈ ಅಲ್ ರೀಮ್‌ನಲ್ಲಿ ಕೂತು ಕಟ್ಟಡಗಳ ಎಸಿಯೊಳಗಿನ ಬೂಷ್ಟು ಪರೀಕ್ಷಿಸುವ ಈ ಕೆಲಸ ಸಿಕ್ಕಿದ್ದೂ ಅದರಿಂದಲೇ...

ಹೋದ ಶನಿವಾರ ಅಲ್ ಬರ್ಷಾದ ಮಾಲ್‌ನಲ್ಲಿ ನೀನೇ ನನ್ನ ಗುರುತು ಹಿಡಿದೆ. ಕಾಫಿಗೆ ಕೂತೆವು. ಇಲ್ಲೇ ಬನಿಯಾಸ್‌ನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೀಯಂತೆ.

"ನಿಮ್ಮ ಬೂಷ್ಟಿನ ಸುದ್ದಿ ಕೇಳೀನ್ರಿ. ಒಮ್ಮೆ ತೋರಸ್ರಿ, ಕ್ಲಾಸಿನ್ಯಾಗ ಹೇಳ್ತೀನಿ."

ನಾನು ಹೆಮ್ಮೆಯಿಂದಲೇ ಮೊಬೈಲ್ ಕೊಟ್ಟೆ. ಲೇಖನದ ಚಿತ್ರದ ಮೂಲೆಯಲ್ಲಿ ಆ ಚೂರನ್ನು ಇಟ್ಟಿದ್ದ ಲಕೋಟೆಯೂ ಅದರ ಮೇಲಿನ ಬರಹವೂ ಇದ್ದವು — ಇಷ್ಟು ವರ್ಷ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನೀನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ನೋಡುತ್ತಲೇ ಇದ್ದೆ.

"ಇದು ನನ್ನ ಅಕ್ಷರ ಅಕ್ಕಾ. ಧೂಳು ಅಂದಿದ್ರಲ್ರಿ..."

ನೀನು ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಬಸ್ ತಪ್ತೈತ್ರಿ" ಎಂದು ಎದ್ದು ಹೋದೆ. ಬೈಯಲೂ ಇಲ್ಲ.

ಲೇಖನ ಬಂದ ಪತ್ರಿಕೆಯ ಸಂಪಾದಕರಿಗೆ ನಿಜ ಬರೆದಿದ್ದೇನೆ. ಕಚೇರಿಗೂ ತಿಳಿಸಿದ್ದೇನೆ, ಕೆಲಸ ಹೋದರೆ ಹೋಗಲಿ. ಆದರೆ ಅವರಾರಿಗೂ ಬರೆಯದ ಒಂದು ಸಂಗತಿ ಉಳಿದಿದೆ — ಅದನ್ನು ನಿನಗೇ ಹೇಳಬೇಕು. ತಾಯಿ ಗುಣವಾದ ಮೇಲೆ ನೀನು ಫೋನ್ ಮಾಡಿ, "ವಾಪಸ್ ಬರಲೇನ್ರಿ ಅಕ್ಕಾ?" ಎಂದು ಕೇಳಿದ್ದೆ. ನಿನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ನಾನು ಹೇಳಿದೆ.

ಯಾರೂ ಬಂದಿರಲಿಲ್ಲ, ಶೋಭಾ. ನಮ್ಮ ಸರ್ ಆ ವರ್ಷವೆಲ್ಲ ನಿನ್ನನ್ನೇ ಕಾಯುತ್ತಿದ್ದರು.